ಬಿಎಂಸಿಯ ಹಿತ್ತಿಲ ಬಾಗಿಲಿಗೂ ಚಿಲಕ ಹಾಕಿ

ಮಾನ್ಯ ಸಂಪಾದಕರೇ,

ಸರ್ವರ್ ಹ್ಯಾಕ್ ಆದ ಸುದ್ದಿ ಬಂದಾಗಲೆಲ್ಲ ಪಾಸ್‌ವರ್ಡ್, ಅಪ್‌ಡೇಟ್ ಇಷ್ಟರದ್ದೇ ಚರ್ಚೆ. ಸರ್ವರ್ ಬೋರ್ಡ್ ಮೇಲೆ ಬಿಎಂಸಿ (ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್) ಅಂತ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದಲ್ವಾ, ಅದನ್ನು ಯಾರೂ ಕೇಳುವುದಿಲ್ಲ. ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಪವರ್, ಫ್ಯಾನ್, ಎಷ್ಟೋ ಕಡೆ ಬಯಾಸ್ ಅಪ್‌ಡೇಟ್ ಕೂಡ ಅದರ ಕೈಯಲ್ಲೇ.

ಅದರ ಜೊತೆ ಮಾತಾಡಲು 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ಎಂಬ ಸಾಮಾನ್ಯ ಕಮಾಂಡ್ ಭಾಷೆಯನ್ನು ತಂದವು. ಪ್ರತಿ ತಯಾರಕರಿಗೂ ತಮ್ಮದೇ ಕಮಾಂಡ್ ಬೇಕಾಗುತ್ತದೆ ಎಂದು ಅದಕ್ಕೂ ಜಾಗ ಬಿಟ್ಟರು. ಕಮಾಂಡ್ ಯಾವ ಗುಂಪಿನದು ಎಂದು ಹೇಳಲು ಹೆಕ್ಸ್ (ಹದಿನಾರರ ಲೆಕ್ಕ) 2ಇ ಕೋಡ್ ಬಳಸಿದರೆ ಐಎಎನ್‌ಎ ಸಂಸ್ಥೆ ಪ್ರತಿ ಕಂಪನಿಗೆ ಕೊಡುವ ಗುರುತಿನ ನಂಬರನ್ನು ಮೂರು ಬೈಟ್‌ನಲ್ಲಿ ಮೊದಲೇ ಹೇಳಬೇಕು, ಹಾಗಾಗಿ ಗೊಂದಲವಿಲ್ಲ. ಆದರೆ 30ರಿಂದ 3ಎಫ್‌ವರೆಗೆ ಆ ಗುರುತೇ ಬೇಡ. ಅದೇ ಬೈಟ್‌ಗಳು ಒಂದು ಬೋರ್ಡಿನಲ್ಲಿ ಫ್ಯಾನ್ ವೇಗ ಬದಲಿಸಿದರೆ ಇನ್ನೊಂದರಲ್ಲಿ ಬೇರೇನೋ ಮಾಡಬಹುದು.

ಕಮಾಂಡ್ ಸೇರಿಸುವುದು ಕಷ್ಟವಲ್ಲ. ಬಿಎಂಸಿಯ ಮುಕ್ತ ತಂತ್ರಾಂಶ ಓಪನ್‌ಬಿಎಂಸಿಯಲ್ಲಾದರೆ ಹ್ಯಾಂಡ್ಲರ್ (ಕಮಾಂಡ್ ಬಂದಾಗ ಓಡುವ ಕೋಡ್) ರಿಜಿಸ್ಟರ್ ಮಾಡುವ ಒಂದೇ ಸಾಲಿನಲ್ಲಿ ಆದ್ಯತೆ, ಕೋಡ್, ಕಮಾಂಡ್ ನಂಬರ್, ಯಾವ ಮಟ್ಟದ ಬಳಕೆದಾರ ಕರೆಯಬಹುದು ಎಲ್ಲಾ ಬರುತ್ತದೆ. ಹಳೆಯ ಸಾಲನ್ನು ಕಾಪಿ ಮಾಡಿ 'ಅಡ್ಮಿನ್' ಇರಬೇಕಾದಲ್ಲಿ 'ಯೂಸರ್' ಹಾಗೇ ಉಳಿದರೂ ಟೆಸ್ಟ್ ಪಾಸ್ ಆಗುತ್ತದೆ, ಯಾಕಂದರೆ ಟೆಸ್ಟ್ ಮಾಡುವವರು ಅಡ್ಮಿನ್ ಆಗಿಯೇ ಲಾಗಿನ್ ಆಗಿರುತ್ತಾರೆ!

ಅದನ್ನು ಸರಿಯಾಗಿ ಬರೆದರೂ ಮುಗಿಯಲಿಲ್ಲ. ಈ ಮಟ್ಟಗಳೆಲ್ಲ ನೆಟ್‌ವರ್ಕ್‌ನಿಂದ, ಯುಡಿಪಿ 623ನೇ ಪೋರ್ಟ್ ಮೂಲಕ, ಲಾಗಿನ್ ಆಗಿ ಬರುವವರಿಗೆ. ಸರ್ವರ್‌ನ ಒಳಗಿನಿಂದಲೇ, ಸರ್ವರ್ ಮತ್ತು ಬಿಎಂಸಿ ನಡುವಿನ ಕೆಸಿಎಸ್ ಎಂಬ ಒಳದಾರಿಯ ಮೂಲಕ ಬರುವ ಕಮಾಂಡ್‌ಗೆ ಸೆಷನ್ನೂ ಇಲ್ಲ, ಪಾಸ್‌ವರ್ಡೂ ಇಲ್ಲ. ಆಪರೇಟಿಂಗ್ ಸಿಸ್ಟಮ್‌ನಲ್ಲಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆದವನು ಬಿಎಂಸಿಗೆ ಅಡ್ಮಿನ್ ಆದ ಹಾಗೆಯೇ. ಇಡೀ ಸರ್ವರನ್ನೇ ಬಾಡಿಗೆಗೆ ಕೊಡುವ ಕ್ಲೌಡ್‌ನಲ್ಲಿ ರೂಟ್ ಆಗಿರುವುದು ಗಿರಾಕಿ. ಅವನು ಬಿಟ್ಟು ಹೋದ ಮೇಲೆ ಡಿಸ್ಕ್ ಅಳಿಸುತ್ತಾರೆ ಸರಿ, ಬಿಎಂಸಿಯಲ್ಲಿ ಅವನು ಏನು ಮಾಡಿಟ್ಟು ಹೋದ ಅಂತ ನೋಡುವವರು ಯಾರು?

ಇದಕ್ಕೂ ದಾರಿ ಇದೆ. ಒಳಗಿನಿಂದ ಬರುವ ಕಮಾಂಡ್‌ಗಳನ್ನು ಒಂದು ಪಟ್ಟಿಗೆ ಹೋಲಿಸಿ, ಅದರಲ್ಲಿ ಇಲ್ಲದ್ದನ್ನು ತಿರಸ್ಕರಿಸುವ ಫಿಲ್ಟರ್ ಓಪನ್‌ಬಿಎಂಸಿಯಲ್ಲಿ ಆಗಲೇ ಇದೆ. ಬಳಸುವುದು ತಯಾರಕರಿಗೆ ಬಿಟ್ಟದ್ದು. ನಾನು ಕೇಳುವುದು ಇಷ್ಟೇ: ಫ್ಯಾಕ್ಟರಿಯಿಂದ ಹೊರಬರುವಾಗಲೇ ಅದು ಆನ್ ಆಗಿರಲಿ. ಜೊತೆಗೆ ತಮ್ಮ ವಿಶೇಷ ಕಮಾಂಡ್‌ಗಳು ಯಾವುವು, ಯಾರು ಕರೆಯಬಹುದು ಅಂತ ಮ್ಯಾನುಯಲ್‌ನಲ್ಲೇ ಹಾಕಲಿ. ಈಗ ಅದನ್ನು ಪರಿಣತರು ಬೈಟ್ ಬೈಟ್ ಹುಡುಕಿ ತಿಳಿಯಬೇಕಾಗಿದೆ, ಹುಡುಕುವವರೆಲ್ಲ ಒಳ್ಳೆಯವರೇ ಆಗಿರುವುದಿಲ್ಲ.

ಫಿಲ್ಟರ್ ಹಾಕಿದರೆ ಫ್ಯಾಕ್ಟರಿಯ ಟೂಲ್‌ಗಳು ಓಡುವುದಿಲ್ಲ ಅನ್ನುವವರಿದ್ದಾರೆ. ಸೀರಿಯಲ್ ನಂಬರ್, ಮ್ಯಾಕ್ ವಿಳಾಸ ಬರೆಯುವಾಗ ಅವು ಬೇಕು, ನಿಜ. ಬರೆದು ಮುಗಿಯುವವರೆಗೆ ಬಾಗಿಲು ತೆರೆದಿಡಿ, ಆಮೇಲೆ ಮುಚ್ಚಿ, ಮತ್ತೆ ತೆರೆಯುವುದು ಬಿಎಂಸಿಯ ಅಡ್ಮಿನ್ ಕಡೆಯಿಂದ ಮಾತ್ರ ಆಗಲಿ.

ಇತಿ,
ಒಬ್ಬ ಫರ್ಮ್‌ವೇರ್ ಎಂಜಿನಿಯರ್