ಹಳೆಯ ಧಾರಾವಾಹಿಗಳ ಗುಂಪಿನ ಸದಸ್ಯರ ಗಮನಕ್ಕೆ

ಆತ್ಮೀಯರೇ, ‘ಮಾಯಾಮೃಗ’ದ ದೃಶ್ಯಗಳನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ, ಬೇರೆ ಸಂಗೀತ ಸೇರಿಸಿ ಇಲ್ಲಿ ಹಂಚುವುದನ್ನು ದಯವಿಟ್ಟು ನಿಲ್ಲಿಸೋಣ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಆ ಧಾರಾವಾಹಿಯ ಶಕ್ತಿ ಇರುವುದೇ ನಿಧಾನವಾಗಿ ಬೆಳೆಯುವ ಮಾತುಕತೆಯಲ್ಲಿ. ಚಂದನ ವಾಹಿನಿಯಲ್ಲಿ ಶೀರ್ಷಿಕೆ ಗೀತೆ ಶುರುವಾದೊಡನೆ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಅಮ್ಮ ಒಲೆ ಆರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಕೂರುತ್ತಿದ್ದರು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇದಕ್ಕಿಂತ ಮೇಲೋ ಕೆಳಗೋ ಎಂಬ ಜಗಳವೂ ಬೇಡ (ನನ್ನ ಒಲವು ‘ಮಾಯಾಮೃಗ’ದ ಕಡೆಗೇ ಎಂಬುದು ನಿಮಗೆಲ್ಲ ಗೊತ್ತು), ‘ಮಾಲ್ಗುಡಿ ಡೇಸ್’ನ ಆರ್.ಕೆ. ಲಕ್ಷ್ಮಣ್ ರೇಖಾಚಿತ್ರಗಳ ಬಗ್ಗೆ, ಎಲ್. ವೈದ್ಯನಾಥನ್ ಸಂಗೀತದ ಬಗ್ಗೆ ಧಾರಾಳವಾಗಿ ಬರೆಯಿರಿ. ಈ ಭಾನುವಾರ ‘ಮಾಯಾಮೃಗ’ದ ಮೊದಲ ಕಂತನ್ನು ಪೂರ್ತಿ ನೋಡಿದ ಮೇಲೆಯೇ ಚರ್ಚೆ ಆರಂಭಿಸೋಣ.