ಸ್ನಾತಕೋತ್ತರ ಓದಿಗೆ ಹೊಸದಾಗಿ ಸೇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಏನೇನು ಕೊಳ್ಳಬೇಕು ಎಂದು ಬಹಳ ಮಂದಿ ಕೇಳುತ್ತಿದ್ದೀರಿ. ಫೈಲು, ಸ್ಟೇಪ್ಲರ್ ಆಮೇಲೆ ತಂದರೂ ನಡೆಯುತ್ತದೆ. ಮೊದಲ ದಿನದಿಂದಲೇ ಬೇಕಾದದ್ದು ಬ್ಯಾಕಪ್.

1 ಟಿಬಿಯ ಎಕ್ಸ್‌ಟರ್ನಲ್ ಡ್ರೈವ್ ತೆಗೆದುಕೊಳ್ಳಿ. ಬರೆದದ್ದೆಲ್ಲ 3 ಕಡೆ ಇರಲಿ: ಲ್ಯಾಪ್‌ಟಾಪ್, ಡ್ರೈವ್, ಕ್ಲೌಡ್. ಕ್ಲೌಡ್ ಒಂದೇ ಸಾಕು ಅಂದುಕೊಳ್ಳಬೇಡಿ. ಸಿಂಕ್ ಆಗಿರುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಡ್ರೈವನ್ನು ಲ್ಯಾಪ್‌ಟಾಪಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಬೇಡಿ, ಚೀಲ ಕಳೆದರೆ ಎರಡೂ ಹೋದಂತೆ. ವಾರಕ್ಕೊಮ್ಮೆ ಪ್ರತಿ ಮಾಡಿ, ಆಗಾಗ ಅದರಲ್ಲಿನ ಒಂದೆರಡು ಫೈಲು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಓದಿದ ಲೇಖನ, ಪುಸ್ತಕಗಳ ವಿವರ ಕೂಡಿಟ್ಟು ಗ್ರಂಥಸೂಚಿ ಮಾಡಿಕೊಡುವ ಜೊಟೆರೊ (Zotero) ತಂತ್ರಾಂಶ ಈಗಲೇ ಹಾಕಿಕೊಳ್ಳಿ, ಉಚಿತ. 200 ಪಿಡಿಎಫ್ ಕೂಡಿದ ಮೇಲೆ ಸೇರಿಸಲು ಕೂತರೆ ವಾರವೇ ಹೋಗುತ್ತದೆ. ಪಿಡಿಎಫ್ ಎಳೆದು ಹಾಕಿದರೆ ಲೇಖಕರು, ವರ್ಷ, ಪುಟ ಸಾಮಾನ್ಯವಾಗಿ ತಾವೇ ತುಂಬಿಕೊಳ್ಳುತ್ತವೆ; ಹಳೆಯ ಸ್ಕ್ಯಾನ್ ಪ್ರತಿಗಳಲ್ಲಿ ಮಾತ್ರ ಎಡವಟ್ಟಾಗುತ್ತದೆ. ಆಗಲೇ ತಿದ್ದಿ, ಇಲ್ಲದಿದ್ದರೆ ಆ ತಪ್ಪೇ ಪ್ರಬಂಧದ ಗ್ರಂಥಸೂಚಿಗೆ ಬರುತ್ತದೆ. ಆನ್‌ಲೈನಿನಲ್ಲಿ ಜೊಟೆರೊ ಕೊಡುವ ಉಚಿತ ಜಾಗ 300 ಎಂಬಿ ಅಷ್ಟೇ, ಸ್ಕ್ಯಾನ್ ಮಾಡಿದ ಪುಸ್ತಕ ಹಾಕಿದರೆ ಬೇಗ ತುಂಬುತ್ತದೆ.

ಫೈಲಿಗೆ ‘ಫೈನಲ್’, ‘ಫೈನಲ್ ಹೊಸದು’ ಅಂತ ಹೆಸರಿಡಬೇಡಿ. 2025-09-03 ಎಂದು ವರ್ಷ ಮೊದಲಿಟ್ಟರೆ ತಾವಾಗಿಯೇ ಸಾಲಾಗಿ ಕೂರುತ್ತವೆ.

ಪ್ರಯೋಗಾಲಯದವರೇ, ಹೊಲಿದ ಬೈಂಡಿನ ನೋಟ್‌ಬುಕ್ಕೇ ಬೇಕು. ಸ್ಪೈರಲ್ ಬೇಡ, ಹಾಳೆ ಕಿತ್ತುಬರುತ್ತದೆ. ಬರೆಯುವ ಮೊದಲೇ ಪುಟಸಂಖ್ಯೆ ಹಾಕಿ. ನೀರು ತಾಗಿದರೆ ಹರಡುವ ಶಾಯಿ ಬೇಡ, ಬಾಲ್ ಪೆನ್ ಸಾಕು. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಂಕಿ ಓದುವಂತಿರಲಿ, ವೈಟ್ನರ್ ಹಚ್ಚಬೇಡಿ.