ಲೇಸರ್ ಯಂತ್ರ ಖಾಲಿ, ರೋಗಿಗಳು ಸಾಲಿನಲ್ಲಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಯ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಲೇಸರ್ ಕೊಠಡಿಗೆ ಮತ್ತೆ ಬೀಗ ಬಿದ್ದ ಸುದ್ದಿಯನ್ನು ನೀವು ನಿನ್ನೆ ಪ್ರಕಟಿಸಿದ್ದೀರಿ. ಬೆಳಿಗ್ಗೆ ಕಣ್ಣಿನ ಒತ್ತಡ ಏರದಂತೆ ತಡೆಯುವ ಬ್ರಿಮೋನಿಡಿನ್ ಹನಿ ಹಾಕಿ ಕೂರಿಸಿ, ಊಟದ ಹೊತ್ತಿಗೆ "ಡಾಕ್ಟರ್ ಬರಲ್ಲ, ಬೇರೆ ತಾರೀಖು ತಗೊಳ್ಳಿ" ಎಂದು ನಮ್ಮನ್ನೆಲ್ಲ ಎಬ್ಬಿಸಿ ಕಳಿಸಿದರು. ಜೊತೆಗೆ ಬಂದವರ ರಜೆ ಹಾಳು, ಗಾಡಿ ಬಾಡಿಗೆ ದಂಡ, ಚೀಟಿಗೆ ಮತ್ತೆ ಮೊದಲಿಂದ ಸಾಲು. ಕಣ್ಣಿನ ಒತ್ತಡ ಅಳೆದ ಆಪ್ಟೋಮೆಟ್ರಿಸ್ಟ್ (ಡಾಕ್ಟರಲ್ಲದ ಕಣ್ಣು ಪರೀಕ್ಷಕರು) ಮಾತ್ರ ಇಡೀ ದಿನ ಅದೇ ಯಂತ್ರದ ಪಕ್ಕದಲ್ಲೇ ಇದ್ದರು!

ಅವರಿಗೆ ಎಸ್‌ಎಲ್‌ಟಿ ಎಂಬ ಒತ್ತಡ ಇಳಿಸುವ ಲೇಸರ್ ಚಿಕಿತ್ಸೆ ಕಲಿಸಿ ಎಂದರೆ "ಅಪಾಯ" ಎನ್ನುತ್ತಾರೆ ಅಧಿಕಾರಿಗಳು. ಅಪಾಯ ಎಲ್ಲಿದೆ ಎಂದು ವಿಚಾರಿಸಿದ್ದಾರೆಯೇ? ಯಂತ್ರ ನಡೆಸುವುದರಲ್ಲಂತೂ ಅಲ್ಲ. ಲೇಸರ್ ಚುಕ್ಕೆಯ ಅಗಲ 400 ಮೈಕ್ರಾನ್, ಪ್ರತಿ ಶಾಟ್ ಅವಧಿ 3 ನ್ಯಾನೋಸೆಕೆಂಡ್, ಎರಡೂ ಯಂತ್ರದಲ್ಲೇ ನಿಗದಿ. ಸಾಮಾನ್ಯವಾಗಿ 0.8 ಮಿಲಿಜೂಲ್‌ನಿಂದ ಶುರು ಮಾಡಿ, ಸಣ್ಣ ಗುಳ್ಳೆ ಎದ್ದರೆ 0.1 ಇಳಿಸುತ್ತಾರೆ. ಇಡೀ ಸುತ್ತಿಗೆ ಸುಮಾರು 100 ಶಾಟ್.

ಕಷ್ಟವಿರುವುದು ಕಣ್ಣಿನ ಮೇಲೆ ಗೋನಿಯೋ ಲೆನ್ಸ್ (ಕನ್ನಡಿಯಿರುವ ಮಸೂರ) ಇಟ್ಟು, ಕಣ್ಣೊಳಗಿನ ದ್ರವ ಹೊರಹೋಗುವ ಮೂಲೆಯನ್ನು, ಅಂದರೆ ಕೋನವನ್ನು, ಗುರುತಿಸುವುದರಲ್ಲಿ. ಕೋನ ಕಿರಿದಾಗಿದ್ದು, ಮುಂದೆ ಕಾರ್ನಿಯಾ ಮುಗಿಯುವಲ್ಲಿರುವ ಶ್ವಾಲ್ಬೆ ಗೆರೆಯ ಕಪ್ಪನ್ನೇ ದ್ರವ ಸೋಸುವ ಜಾಲರಿ ಎಂದುಕೊಂಡರೆ ಶಾಟ್‌ಗಳೆಲ್ಲ ತಪ್ಪು ಜಾಗಕ್ಕೆ ಬೀಳುತ್ತವೆ. ಜಾಲರಿಯೇ ಕಡುಕಪ್ಪಾಗಿದ್ದರೆ ಅದು ಬೆಳಕನ್ನು ಹೆಚ್ಚು ಹೀರುತ್ತದೆ, ಒತ್ತಡ ದಿಢೀರನೆ ಏರಬಹುದು. ಅಂಥ ಕಣ್ಣಿಗೆ 0.4ರಿಂದಲೇ ಶುರು ಮಾಡಬೇಕು, ಒಂದು ಗಂಟೆ ಬಿಟ್ಟು ಒತ್ತಡ ಮತ್ತೆ ಅಳೆಯಲೇಬೇಕು. ಉರಿಯೂತದ ಕಣ್ಣು, ಕೋನದಲ್ಲಿ ಹೊಸ ರಕ್ತನಾಳ ಬೆಳೆದ ಕಣ್ಣು ಇವಕ್ಕೆ ಈ ಲೇಸರ್ ಬೇಡ. ಇದನ್ನೆಲ್ಲ ಎರಡು ದಿನದ ಸರ್ಟಿಫಿಕೇಟ್ ಕೋರ್ಸ್ ಕಲಿಸುವುದಿಲ್ಲ. ಮೊದಲು ನೂರಾರು ಕಣ್ಣುಗಳ ಕೋನ ನೋಡಿ ಕೈ ಪಳಗಬೇಕು, ಆಮೇಲೆ ತಜ್ಞರು ಪಕ್ಕದಲ್ಲಿ ಕೂತು ಮಾಡಿಸಬೇಕು.

ಅಮೆರಿಕದ ಒಕ್ಲಹೋಮ 1998ರಲ್ಲೇ ಆಪ್ಟೋಮೆಟ್ರಿಸ್ಟ್‌ಗಳಿಗೆ ಲೇಸರ್ ಅನುಮತಿ ಕೊಟ್ಟಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ತರಬೇತಾದವರು ಮಾಡುತ್ತಿದ್ದಾರೆ. ಅಲ್ಲಿನ 'ಲೈಟ್' ಅಧ್ಯಯನ 2019ರಲ್ಲಿ ಪ್ರಕಟವಾಯಿತು: ಮೊದಲೇ ಲೇಸರ್ ಪಡೆದವರಲ್ಲಿ ಸುಮಾರು 74% ಮಂದಿಗೆ ಮೂರು ವರ್ಷಕ್ಕೂ ಹನಿ ಬೇಕಾಗಿರಲಿಲ್ಲ. ನಮ್ಮವರಿಗೆ ಓದಲು ಪುರುಸೊತ್ತಿಲ್ಲ. ಹಿಂದೆ ದೃಷ್ಟಿಯ ವ್ಯಾಪ್ತಿ ಅಳೆಯುವ ಫೀಲ್ಡ್ ಟೆಸ್ಟ್ ಯಂತ್ರದ ಪ್ರಿಂಟರ್ ಕೆಟ್ಟಾಗಲೂ ಇದೇ ಕಥೆ, ಲೆನ್ಸ್ ತೊಳೆಯುವ ದ್ರಾವಣ ಮುಗಿದಾಗಲೂ ಇದೇ ಕಥೆ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಲೇ ಇತ್ತು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂಬುದನ್ನು ಇವರಿಗೆ ಯಾರು ಹೇಳಬೇಕು?

ತರಬೇತಿ ಶುರು ಮಾಡಲಿ, ಇಲ್ಲವೇ ಡಾಕ್ಟರನ್ನು ತಪ್ಪದೆ ಕಳಿಸಲಿ, ಸಾಧ್ಯವಾದರೆ ಎರಡನ್ನೂ ಮಾಡಲಿ. ಏನೂ ಮಾಡದೆ ಕುರ್ಚಿ ಬಿಸಿ ಮಾಡುವುದಕ್ಕೆ ಇವರಿಗೆ ನಾಚಿಕೆಯಾಗಬೇಕು.

- ನೊಂದ ಓದುಗರು